ಕೀ ಅಣ್ಣಮ್ಮ

ಕೆಲಸಕ್ಕೆ ಸೇರಿದ ದಿನವೇ ಅವಳ ಹೆಸರಿಗೆ ಕತ್ತರಿ ಹಾಕಲು ಬದರಿನಾಥರು ನೋಡಿದ್ದರು.

"ಅಣ್ಣಮ್ಮ ಅಂದ್ರೆ ತೀರಾ ಹಳೇ ಕಾಲದ್ದಾಯ್ತಲ್ಲಮ್ಮಾ. ಅನು ಅಂತ ಕರೀತೀವಿ. ಏನಂತೀಯ?"

"ಬದರಿನಾಥ ಅನ್ನೋದು ಅದಕ್ಕಿಂತ ಹಳೇದು ಸಾರ್. ಅದನ್ನೇನು ಮಾಡೋಣ?"

ರೂಮಿನಲ್ಲಿದ್ದವರೆಲ್ಲ ಪ್ರಿಂಟರಿನ ಕಡೆ ತಿರುಗಿ ನಗು ನುಂಗಿಕೊಂಡರು. ಅಂದಿನಿಂದ ಅವಳು ಅಣ್ಣಮ್ಮನೇ. ಅದು ಊರು ಕಾಯುವ ದೇವತೆಯ ಹೆಸರು. ಅವಳ ತಾಯಿ ಗೋವಿಂದಮ್ಮ ಹರಕೆ ಹೊತ್ತು ಇಟ್ಟ ಹೆಸರು. ಕತ್ರಿಗುಪ್ಪೆಯ ಕಾಲೊನಿಯಿಂದ ಬಂದವಳು ಅಂತ ಆ ಹೆಸರು ಕೇಳಿದ ತಕ್ಷಣ ಜನಕ್ಕೆ ಗೊತ್ತಾಗುತ್ತಿತ್ತು. ಗೊತ್ತಾಗಲಿ ಎಂದೇ ಅವಳು ಅದನ್ನು ಉಳಿಸಿಕೊಂಡಿದ್ದಳು. ಹೆಸರು ಅಂದಮೇಲೆ ಒಳಗಿರುವುದನ್ನು ಹೇಳಬೇಕು, ಮುಚ್ಚಿಡಬಾರದು ಎಂಬುದು ಅವಳ ಹಟ.

ಅದು ಎಂಬತ್ತೇಳನೇ ಇಸವಿ. ಜಯನಗರ ನಾಲ್ಕನೇ ಟಿ ಬ್ಲಾಕಿನ ಒಂದು ಮನೆಯ ಮಹಡಿಯಲ್ಲಿ ಶಾಮಣ್ಣನವರು ಕಂಪ್ಯೂಟರ್ ಕಂಪನಿ ನಡೆಸುತ್ತಿದ್ದರು. ಸರ್ಕಾರಿ ಕಾರ್ಖಾನೆಯ ಕೆಲಸ ಬಿಟ್ಟು, ಹೆಂಡತಿಯ ಬೈಗುಳ ತಿಂದು, ಎರಡು ಪ್ರೊಸೆಸರುಗಳ ಒಂದು ಯಂತ್ರ ಕಟ್ಟಲು ಹೊರಟಿದ್ದ ಮನುಷ್ಯ. ಹೊರದೇಶದಿಂದ ತರಿಸದೆ, ಯಂತ್ರದ ಒಳಗಿನ ಪ್ರೋಗ್ರಾಮನ್ನೂ ಇಲ್ಲೇ ಬರೆಯಬೇಕೆಂಬುದು ಅವರ ಆಸೆ. ಆ ಒಳಗಿನ ಪ್ರೋಗ್ರಾಮಿಗೆ ಕರ್ನಲ್ ಎನ್ನುತ್ತಾರೆ. ಡಿಸ್ಕು ಯಾರಿಗೆ, ಮೆಮೊರಿ ಯಾರಿಗೆ, ಯಾರು ಮೊದಲು ಯಾರು ಆಮೇಲೆ ಎಂದು ತೀರ್ಮಾನಿಸುವುದು ಅದೇ. ಬದರಿನಾಥರು ಆ ಕೆಲಸದ ಮುಖ್ಯಸ್ಥರು. ಬಸವನಗುಡಿಯವರು, ಬುದ್ಧಿವಂತರು, ಕರ್ನಲಿನ ಅರ್ಧ ಭಾಗ ಅವರದೇ ಕೈಬರಹ. ಅವರ ಕೈಕೆಳಗೆ ಅಣ್ಣಮ್ಮ, ಸೀತಾಲಕ್ಷ್ಮಿ, ಇನ್ನಿಬ್ಬರು ಹುಡುಗರು. ಸರ್ಕಾರಿ ಕಾಲೇಜಿನಲ್ಲಿ ಬಿ.ಇ. ಮುಗಿಸಿದ ಅಣ್ಣಮ್ಮನನ್ನು ಆರಿಸಿದವರು ಶಾಮಣ್ಣನವರು. ಇಂಟರ್‌ವ್ಯೂನಲ್ಲಿ ಅವರು ಕೇಳಿದ ಪ್ರಶ್ನೆಯೇ ತಪ್ಪು ಎಂದು ತೋರಿಸಿಕೊಟ್ಟಿದ್ದಳು.

ಎರಡು ಪ್ರೊಸೆಸರು ಇದ್ದಲ್ಲಿ ಒಂದು ತೊಂದರೆ. ಎರಡೂ ಒಟ್ಟಿಗೇ ಒಂದೇ ಪಟ್ಟಿಗೆ ಕೈ ಹಾಕಿದರೆ ಪಟ್ಟಿ ಚೆಲ್ಲಾಪಿಲ್ಲಿ. ಅದಕ್ಕೇ ಲಾಕು. ಒಂದು ಲಾಕು ಹಿಡಿದು ತನ್ನ ಕೆಲಸ ಮುಗಿಸಿ ಬಿಡುವವರೆಗೂ ಇನ್ನೊಂದು ಬಾಗಿಲಲ್ಲಿ ಕಾಯಬೇಕು. ಹೀಗೆ ಲಾಕು ಹಿಡಿಯುವ, ಬಿಡುವ, ಲಾಕಿನೊಳಗೆ ಓದುವ, ಬರೆಯುವ ಒಂದೊಂದು ಕೆಲಸಕ್ಕೂ ಒಂದೊಂದು ಫಂಕ್ಷನ್, ಅಂದರೆ ಹೆಸರಿಟ್ಟ ಒಂದು ತುಂಡು ಪ್ರೋಗ್ರಾಮು. ಹೆಸರು ಕೂಗಿದರೆ ಅದು ಬಂದು ಕೆಲಸ ಮಾಡುತ್ತದೆ.

ಆ ಹೆಸರುಗಳನ್ನು ಇಟ್ಟವರು ಬದರಿನಾಥರು. ಬಾಗಿಲು ಕಾಯುವ ಫಂಕ್ಷನ್ನುಗಳಲ್ಲವೇ, ದೇವಸ್ಥಾನದ ಬಾಗಿಲು ಕಾಯುವವರ ಹೆಸರಿಟ್ಟಿದ್ದರು. ಲಾಕು ಹಿಡಿಯುವವನು ಜಯ, ಬಿಡುವವನು ವಿಜಯ. ಡಿಸ್ಕಿಗೆ ಬರೆಯಲು ನಂದಿ ಮತ್ತು ಭೃಂಗಿ. ಓದಲು ಚಂಡ ಮತ್ತು ಪ್ರಚಂಡ.

"ಎಲ್ಲಾದಕ್ಕೂ ಅಮೆರಿಕದವರ ಹೆಸರು ಯಾಕಮ್ಮಾ? ನಮ್ಮ ದೇಶದ ಹೆಸರಿರಲಿ," ಎಂದು ಹೆಮ್ಮೆಯಿಂದ ಹೇಳುತ್ತಿದ್ದರು.

ಬರೆಯುವುದಕ್ಕೂ ಓದುವುದಕ್ಕೂ ಇಬ್ಬಿಬ್ಬರು ಯಾಕೆಂದರೆ, ಒಬ್ಬ ತಾನೇ ಲಾಕು ಹಿಡಿದು ಕೆಲಸ ಮಾಡಿ ಬಿಡುತ್ತಾನೆ. ಇನ್ನೊಬ್ಬ, ಕರೆದವರು ಆಗಲೇ ಲಾಕು ಹಿಡಿದಿದ್ದಾರೆಂದು ನಂಬಿ ನೇರ ಒಳಗೆ ಹೋಗುತ್ತಾನೆ. ಯಾವನು ಯಾವ ಬಗೆಯವನು? ಅದು ಹೆಸರಿನಲ್ಲಿ ಇರಲಿಲ್ಲ. ಬದರಿನಾಥರ ತಲೆಯಲ್ಲಿತ್ತು.

ಡಿಸ್ಕಿಗೆ ಬರೆಯುವ ಭಾಗ ಅಣ್ಣಮ್ಮನ ಪಾಲಿಗೆ ಬಂದಾಗ ಅವಳು ನಂದಿಯನ್ನೂ ಭೃಂಗಿಯನ್ನೂ ಪಕ್ಕಕ್ಕಿಟ್ಟಳು. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡದ ಎರಡು ಹೆಸರು ಟೈಪು ಮಾಡಿದಳು. ತಾನೇ ಲಾಕು ಹಿಡಿಯುವವನು 'ಬರೆ'. ಕರೆದವರ ಕೈಯಲ್ಲಿ ಕೀ ಇರಲೇಬೇಕಾದವನು 'ಕೀ_ಬರೆ'. ಹೆಸರಿನ ಮುಂದೆ ಕೀ ಇದ್ದರೆ ಕೀ ಕೈಯಲ್ಲಿದೆ, ಅಂದರೆ ಲಾಕು ಆಗಲೇ ಹಿಡಿದಾಗಿದೆ ಎಂದರ್ಥ.

ಬದರಿನಾಥರು ಪ್ರಿಂಟೌಟ್ ಹಿಡಿದು ಕೆಂಪು ಪೆನ್ನಿನಲ್ಲಿ ಎರಡನ್ನೂ ಹೊಡೆದು ಹಾಕಿದರು.

"ಏನಮ್ಮಾ ಇದು ಕೀ-ಕೀ ಅಂತ, ಗಿಣಿ ಕೂಗಿದ ಹಾಗೆ? ನಂದಿ-ಭೃಂಗಿ ಏನು ತಪ್ಪು ಮಾಡಿದಾರೆ?"

"ಅವರಿಬ್ಬರಲ್ಲಿ ಲಾಕು ಹಿಡಿಯೋನು ಯಾರು ಅಂತ ಹೆಸರು ನೋಡಿದ್ರೆ ಗೊತ್ತಾಗಲ್ಲ ಸಾರ್."

"ದೇವಸ್ಥಾನಕ್ಕೆ ಹೋಗಿದ್ರೆ ಗೊತ್ತಾಗತ್ತೆ. ಯಾರು ಎಡಕ್ಕೆ, ಯಾರು ಬಲಕ್ಕೆ ಅಂತ ಚಿಕ್ಕ ಮಕ್ಕಳೂ ಹೇಳ್ತಾರೆ."

"ಅಷ್ಟು ಹತ್ರ ನಮ್ಮನ್ನ ಬಿಟ್ಟಿದ್ರೆ ತಾನೆ ಸಾರ್, ನೋಡಿ ತಿಳ್ಕೊಳೋದಕ್ಕೆ? ನಮ್ಮಜ್ಜಿ ಗೋಪುರದ ಕಳಸ ನೋಡಿ ಕೈಮುಗಿದು ವಾಪಸ್ ಬರೋಳು. ನಮ್ಮನ್ನ ಹೊರಗೆ ನಿಲ್ಲಿಸಿದವರ ಹೆಸರನ್ನ ನನ್ನ ಕೈಯಲ್ಲೇ ಬರೆಸ್ತಿದೀರಿ. ದೇಶದ ಹೆಸರು ಅಂತೀರಿ. ಯಾರ ದೇಶ?"

ಬದರಿನಾಥರ ಮುಖ ಕೆಂಪೇರಿತು. ಅವರು ಕೆಟ್ಟವರಲ್ಲ. ಅವರ ಹೆಮ್ಮೆಯೊಳಗೆ ಯಾರು ಯಾರಿಗೆ ಜಾಗವಿಲ್ಲ ಎಂದು ಅಲ್ಲಿಯವರೆಗೆ ಒಬ್ಬರೂ ಅವರನ್ನು ಕೇಳಿರಲಿಲ್ಲ, ಅಷ್ಟೆ. ಕೇಳಿಸಿಕೊಂಡು ಅಭ್ಯಾಸವಿಲ್ಲದವರು ಮಾಡುವುದನ್ನೇ ಅವರೂ ಮಾಡಿದರು. ಮಾತು ತಿರುಗಿಸಿದರು.

"ಯಂತ್ರ ಹೆಸರು ಓದಲ್ಲ ಅಣ್ಣಮ್ಮ. ಅದಕ್ಕೆ ಎಲ್ಲಾ ನಂಬರೇ."

"ಯಂತ್ರ ಓದಲ್ಲ ಸಾರ್. ನಾವು ಓದ್ತೀವಿ."

ಆದರೂ ಕೆಂಪು ಪೆನ್ನೇ ಗೆದ್ದಿತು. 'ಬರೆ' ಹೋಗಿ ನಂದಿ ಬಂದ. 'ಕೀ_ಬರೆ' ಹೋಗಿ ಭೃಂಗಿ ಬಂದ.

ಕೆಲವು ದಿನಗಳಾದ ಮೇಲೆ ಎಲ್ಲರ ಭಾಗಗಳನ್ನೂ ಸೇರಿಸಿ ಯಂತ್ರ ಓಡಿಸಿದರು. ಓಡಿತು. ಶಾಮಣ್ಣನವರು ಎದುರಿನ ಹೋಟೆಲಿನಿಂದ ಎಲ್ಲರಿಗೂ ಜಾಮೂನು ತರಿಸಿದರು. ಜಾಮೂನು ಮುಗಿಯುವ ಮೊದಲೇ ಯಂತ್ರ ನಿಂತಿತು. ಸದ್ದಿಲ್ಲ, ಸಂದೇಶವಿಲ್ಲ. ಹಸಿರು ಅಕ್ಷರಗಳು ಪರದೆಯ ಮೇಲೆ ಹಾಗೇ ಹೆಪ್ಪುಗಟ್ಟಿದವು. ಮತ್ತೆ ಓಡಿಸಿದರು. ಚೆನ್ನಾಗಿ ಓಡುತ್ತಾ ಓಡುತ್ತಾ ಮತ್ತೆ ನಿಂತಿತು. ಒಂದು ಸಹಕಾರ ಸಂಸ್ಥೆಯವರು ಯಂತ್ರ ನೋಡಲು ಮುಂದಿನ ಬುಧವಾರ ಬರುವವರಿದ್ದರು. ಅವರು ಒಪ್ಪಿದರೆ ಕಂಪನಿ ಉಳಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು.

"ಡಿಸ್ಕಿಗೆ ಬರೆಯೋ ಹೊತ್ತಲ್ಲೇ ನಿಲ್ತಿದೆ," ಎಂದರು ಬದರಿನಾಥರು. "ಆ ಭಾಗ ಯಾರದ್ದು?"

"ನಂದು," ಎಂದಳು ಅಣ್ಣಮ್ಮ.

"ಹಾಗಾದ್ರೆ ತಪ್ಪು?"

"ನಂದಲ್ಲ."

"ನೋಡಮ್ಮಾ, ಬಾಯಿ ಜೋರಿದ್ರೆ ಸಾಲದು. ಶನಿವಾರದೊಳಗೆ ತಪ್ಪು ಹುಡುಕು. ಆಗಲಿಲ್ಲ ಅಂದ್ರೆ ಸೋಮವಾರದಿಂದ ಕೆಳಗೆ ಹೋಗು."

ಕೆಳಗೆ ಅಂದರೆ ನೆಲಮಹಡಿಯ ಗ್ಯಾರೇಜು. ಅಲ್ಲಿ ಗಿರಾಕಿಗಳ ಸಂಬಳದ ಪ್ರೋಗ್ರಾಮು ಬರೆಯುತ್ತಿದ್ದರು. ಅದೂ ಗೌರವದ ಕೆಲಸವೇ. ಆದರೆ ಮೇಲೆ ಬಂದವಳನ್ನು ಕೆಳಗೆ ಕಳಿಸುವುದು ಬೇರೆ ಮಾತು. ಕಾಲೊನಿಯಿಂದ ಯಂತ್ರದ ಒಡಲಿನವರೆಗೆ ಬಂದ ಮೊದಲನೆಯವಳು ಅವಳು. ಅವಳು ಮೆಟ್ಟಿಲಿಳಿದರೆ, "ನೋಡಿದ್ರಾ, ಅವರಿಗೆ ಆಗಲ್ಲ" ಎಂದು ಹೇಳಲು ಕಾದಿದ್ದ ಬಾಯಿಗಳು ಎಷ್ಟೋ. ಅಣ್ಣಮ್ಮ ಪ್ರಿಂಟೌಟಿನ ಉದ್ದನೆಯ ಕಾಗದ ಮಡಚಿ ಕಂಕುಳಲ್ಲಿಟ್ಟುಕೊಂಡು ಬಸ್ಸು ಹತ್ತಿದಳು.

ತಪ್ಪು ಬಸ್ಸಿನಲ್ಲೇ ಸಿಕ್ಕಿತು. ಕತ್ರಿಗುಪ್ಪೆ ಸ್ಟಾಪು ಬರುವ ಮೊದಲು.

ಅದು ಸೀತಾಲಕ್ಷ್ಮಿ ಬರೆದ ಭಾಗದಲ್ಲಿತ್ತು. ಸೀತಾ ಮೊದಲು ಜಯನನ್ನು ಕರೆದು ಲಾಕು ಹಿಡಿದಿದ್ದಳು. ಆಮೇಲೆ ಬರೆಯಲು ನಂದಿಯನ್ನು ಕರೆದಿದ್ದಳು. ನಂದಿ ತಾನೇ ಲಾಕು ಹಿಡಿಯುವವನು. ಲಾಕು ಬಿಡುವವರೆಗೂ ಕಾಯೋಣ ಎಂದು ನಿಂತುಬಿಟ್ಟ. ಬಿಡಬೇಕಾದವಳು ಅವನನ್ನು ಕರೆದವಳೇ. ಅವನು ಬರೆದು ಮುಗಿಸದೆ ಅವಳು ಬಿಡಲಾರಳು, ಅವಳು ಬಿಡದೆ ಅವನು ಬರೆಯಲಾರ. ಒಂದು ಪ್ರೊಸೆಸರು ತನಗಾಗಿ ತಾನೇ ಕಾಯುತ್ತಾ ನಿಂತಿತು. ಇನ್ನೊಂದು ಇದರ ಹಿಂದೆ ನಿಂತಿತು.

ಅಣ್ಣಮ್ಮ ಬಸ್ಸಿನಲ್ಲಿ ಒಬ್ಬಳೇ ಗಟ್ಟಿಯಾಗಿ ನಕ್ಕಳು. ಪಕ್ಕದ ಹೆಂಗಸು ಸರಿದು ಕೂತಳು. ಇದನ್ನು ಅವಳು ಕಣ್ಣಾರೆ ನೋಡಿದ್ದಳು. ಎಪ್ಪತ್ತೈದರ ಬೇಸಿಗೆಯಲ್ಲಿ, ಪಂಪ್ ರೂಮಿನ ಮುಂದೆ. ಅಲ್ಲಿ ಸೀತಾಲಕ್ಷ್ಮಿಯ ಜಾಗದಲ್ಲಿ ನಿಂತಿದ್ದವಳು ಸೊಣ್ಣಮ್ಮ.

ಆಗ ಕತ್ರಿಗುಪ್ಪೆಯ ಪಕ್ಕ ಹೊಸ ಬಡಾವಣೆ ಏಳುತ್ತಿತ್ತು. ಬಾವಿ ಬತ್ತಿದ ಕಾಲೊನಿಗೆ ನೀರು ಬರಬೇಕಾದದ್ದು ಒಂದೇ ಬೋರ್‌ವೆಲ್ಲಿನಿಂದ. ಪಂಪ್ ರೂಮಿನ ಕೀ ಮಾತ್ರ ಬಡಾವಣೆಯ ಮೂಲೆ ಮನೆಯ ಯಜಮಾನರ ಹತ್ತಿರ. ಹೆಂಗಸರು ಗೇಟಿನ ಹೊರಗೆ ನಿಂತು ಕೂಗಬೇಕು. ಅವರು ವರಾಂಡದಿಂದ ಕೀ ಎಸೆಯುತ್ತಿದ್ದರು. ಕೈಗೆ ಕೊಡುತ್ತಿರಲಿಲ್ಲ. ಮಣ್ಣಿನಲ್ಲಿ ಬಿದ್ದ ಕೀ ಆರಿಸಿಕೊಂಡು, ನೀರು ಹಿಡಿದು, ವಾಪಸ್ ತಂದು ಕಾಂಪೌಂಡಿನ ಮೇಲಿಟ್ಟು ಹೋಗಬೇಕು. ಒಂದು ದಿನ ಗೋವಿಂದಮ್ಮ ಕೀ ವಾಪಸ್ ಕೊಡಲಿಲ್ಲ. ಯಜಮಾನರು ಕಾಲೊನಿಯ ಮುಂದೆ ಬಂದು ನಿಂತು ಕೂಗಾಡಿದರು. ಗೋವಿಂದಮ್ಮ ಸೊಂಟದ ಮೇಲೆ ಕೈಯಿಟ್ಟು ಹೇಳಿದ ಮಾತು ಇವತ್ತಿಗೂ ಕಾಲೊನಿಯ ಮಕ್ಕಳಿಗೆ ಬಾಯಿಪಾಠ.

"ಎಸೆದಿದ್ನ ನಾಯಿ ವಾಪಸ್ ತತ್ತದೆ ಸ್ವಾಮಿ. ನಾನ್ ತರಾಕಿಲ್ಲ."

ಪೊಲೀಸು ಬಂತು, ಪಂಚಾಯಿತಿ ಆಯಿತು, ಹೆಂಗಸರು ಪಂಪ್ ರೂಮಿನ ಬಾಗಿಲಿಗೆ ಬೆನ್ನು ಕೊಟ್ಟು ಕೂತರು. ಕೀ ಕಾಲೊನಿಯಲ್ಲೇ ಉಳಿಯಿತು.

ಗೆದ್ದ ಕೀ ಸರದಿಯ ಮೇಲೆ ಕೈಯಿಂದ ಕೈಗೆ ಹೋಗತೊಡಗಿತು. ಸೊಣ್ಣಮ್ಮನ ಸರದಿ ಬಂದ ದಿನ ಕೀಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬಿಂದಿಗೆ ತರಲು ಮನೆಗೆ ಹೋದಳು. ಬಿಂದಿಗೆ ತಂದು, ಅಭ್ಯಾಸದಂತೆ, ಎಲ್ಲರ ಹಿಂದೆ ಸಾಲಿನಲ್ಲಿ ನಿಂತಳು. ಸಾಲು ಕಾಯಿತು. ಬಿಸಿಲೇರಿತು. ಕರೆಂಟು ಹೋಗುವ ಹೊತ್ತು ಹತ್ತಿರವಾಯಿತು. ಕೀ ಇಟ್ಟುಕೊಂಡವಳನ್ನು ಎಲ್ಲರಿಗಿಂತ ಜೋರಾಗಿ ಬೈದವಳು ಸೊಣ್ಣಮ್ಮನೇ.

"ಯಾವಳವ್ಳು ಕೀ ತಕಂಡು ಮಲಗಿರೋಳು! ಅವ್ಳ ಕೈ ಸೇದೋಗಾ! ಬರ್ಲಿ, ಜುಟ್ಟು ಹಿಡ್ದು ಎಳೀತೀನಿ!"

ಎಂದು ಸೆರಗು ಎತ್ತಿ ಕಟ್ಟಿದಳು. ಠಣ್ ಎಂದು ಕೀ ಕಲ್ಲಿನ ಮೇಲೆ ಬಿತ್ತು.

ಬಸ್ಸಿಳಿದು ಮನೆಗೆ ಬಂದಾಗ ಗೋವಿಂದಮ್ಮ ಹೊಸಿಲ ಬಳಿ ಸೊಪ್ಪು ಬಿಡಿಸುತ್ತಿದ್ದಳು. ಎದುರು ಜಗಲಿಯಲ್ಲಿ ಸೊಣ್ಣಮ್ಮ, ಈಗ ಹಲ್ಲು ಅರ್ಧ ಉದುರಿದ ಮುದುಕಿ, ಎಲೆಯಡಿಕೆ ಕುಟ್ಟುತ್ತಿದ್ದಳು. ಅಣ್ಣಮ್ಮ ಅವ್ವನ ಪಕ್ಕ ಕೂತು ಎಲ್ಲ ಹೇಳಿದಳು. ಯಂತ್ರ ನಿಂತದ್ದು, ತಪ್ಪು ಸಿಕ್ಕಿದ್ದು, ಸೀತಾಳ ಹೆಸರು ಹೇಳಿದರೆ ತಾನು ಮೇಲೆ ಉಳಿಯುವುದು.

"ಆ ಉಡುಗಿ ಎಂಥೋಳು?" ಎಂದಳು ಗೋವಿಂದಮ್ಮ.

"ಒಳ್ಳೇಳು. ನನ್ ಡಬ್ಬಿಯಿಂದ ಮುದ್ದೆ ಕಿತ್ಕೊಂಡು ತಿಂತಾಳೆ."

"ಮತ್ತೆ?"

"ಅವಳ ಹೆಸ್ರು ಹೇಳಿದ್ರೆ ನಂಗೆ ಜಾಗ ಉಳೀತದೆ. ಆದ್ರೆ ಅವಳ ತಪ್ಪಲ್ಲವ್ವಾ ಅದು. ಅವಾಗ ಸೊಣ್ಣಜ್ಜಿಗೆ ಎಲ್ರೂ ಸೇರಿ ಬಾರಿಸಿದ್ರೆ ಏನಾಗ್ತಿತ್ತು?"

ಗೋವಿಂದಮ್ಮ ಸೊಪ್ಪಿನ ದಂಟು ಮುರಿದು ಹಾಕಿದಳು. "ಏನಾಗ್ತದೆ? ನಾಳೀಕೆ ಅಂಕಮ್ಮ ಅಂಗೇ ನಿಂತಿರೋಳು. ನಾಡಿದ್ದು ನಾನೂ ನಿಂತಿರ್ತಿದ್ದೆ. ಯಾರ ತಾವ ಕೀ ಐತೆ ಅಂತ ಕಾಣ್ದೆ ಇದ್ಮೇಲೆ ಯಾರಾದ್ರೂ ನಿಲ್ಲೋರೇ."

"ನನ್ನ ಕಥೆ ಎತ್ತಬ್ಯಾಡ್ರೇ!" ಎಂದು ಸೊಣ್ಣಮ್ಮ ಎದುರಿನಿಂದ ಕೂಗಿದಳು. "ಸಾಯೋಗಂಟ ನನ್ ಸೊಂಟಾನೇ ನೋಡ್ತಾರೆ ಈ ಮುಂಡೇವು."

ಕೀ ಬಿದ್ದ ಆ ದಿನ ಕಾಲೊನಿಯ ಹೆಂಗಸರು ನಕ್ಕು ನಕ್ಕು ಸುಸ್ತಾಗಿ, ಅಲ್ಲೇ ಕೂತು ಒಂದು ರೂಲು ಮಾಡಿದ್ದರು. ಕೀ ಯಾರ ಕೈಯಲ್ಲಿದೆಯೋ ಅವಳ ಹೆಸರಿನ ಮುಂದೆ ಕೀ ಸೇರಬೇಕು. ಕೊಡುವವರೆಗೂ ಅವಳು ಕೀ ಸೊಣ್ಣಮ್ಮ. ಗಂಡ ಕರೆದರೂ ಕೀ ಸೊಣ್ಣಮ್ಮ, ಮಕ್ಕಳು ಜಗಳ ಆಡಿದರೂ ಕೀ ಸೊಣ್ಣಮ್ಮ. ಕೀ ಕೈ ಬದಲಾದರೆ ಹೆಸರೂ ಬದಲು: ಕೀ ಅಂಕಮ್ಮ, ಕೀ ಗೋವಿಂದಮ್ಮ. ಅವಳು ಮರೆಯುವಂತಿಲ್ಲ, ಉಳಿದವರು ಕೇಳಬೇಕಾಗಿಲ್ಲ. ಆ ರೂಲು ಬಂದ ಮೇಲೆ ಪಂಪ್ ರೂಮಿನ ಮುಂದೆ ಯಾರೂ ತಮಗಾಗಿ ತಾವೇ ಕಾಯಲಿಲ್ಲ.

ಶನಿವಾರ ಬೆಳಿಗ್ಗೆ ಮಹಡಿಯ ರೂಮಿನಲ್ಲಿ ಎಲ್ಲರೂ ಸೇರಿದರು. ಶಾಮಣ್ಣನವರೂ ಬಂದು ಕುರ್ಚಿಯ ತುದಿಯಲ್ಲಿ ಕೂತರು.

"ಸಿಕ್ತೇನಮ್ಮಾ ತಪ್ಪು?" ಎಂದರು ಬದರಿನಾಥರು.

"ಸಿಕ್ತು ಸಾರ್. ಹೇಳೋಕೆ ಮುಂಚೆ ಒಂದು ಸಣ್ಣ ಪರೀಕ್ಷೆ." ಅಣ್ಣಮ್ಮ ಎಲ್ಲರ ಕೈಗೂ ಒಂದೊಂದು ಚೀಟಿ ಕೊಟ್ಟಳು. "ನಂದಿ, ಭೃಂಗಿ, ಚಂಡ, ಪ್ರಚಂಡ. ಇವರಲ್ಲಿ ತಾನೇ ಲಾಕು ಹಿಡಿಯೋರು ಯಾರು, ಹಿಡಿದಿದಾರೆ ಅಂತ ನಂಬಿ ಒಳಗೆ ಹೋಗೋರು ಯಾರು? ಪ್ರಿಂಟೌಟು ನೋಡೋ ಹಾಗಿಲ್ಲ."

"ಇದೇನು ಮಕ್ಕಳಾಟ?" ಎಂದರು ಬದರಿನಾಥರು.

"ಬರೀರಿ ಬದ್ರಿ, ಏನ್ ಹೋಗತ್ತೆ," ಎಂದರು ಶಾಮಣ್ಣನವರು. ಆಫೀಸಿನಲ್ಲಿ ಆ ಹೆಸರನ್ನು ಮೊಟಕು ಮಾಡಿ ಕರೆಯುವ ಧೈರ್ಯ ಅವರೊಬ್ಬರಿಗೇ ಇತ್ತು.

ಬರೆದರು. ಚೀಟಿಗಳನ್ನು ಅಣ್ಣಮ್ಮ ಮೇಜಿನ ಮೇಲೆ ಸಾಲಾಗಿ ಇಟ್ಟಳು. ಒಬ್ಬರ ಉತ್ತರದಂತೆ ಇನ್ನೊಬ್ಬರದಿಲ್ಲ. ಸೀತಾಲಕ್ಷ್ಮಿ ನಂದಿಯನ್ನು ಭೃಂಗಿ ಮಾಡಿದ್ದಳು. ಹುಡುಗರಲ್ಲಿ ಒಬ್ಬ ಎಲ್ಲವನ್ನೂ ತಿರುವುಮುರುವು ಮಾಡಿದ್ದ, ಇನ್ನೊಬ್ಬ ನಾಲ್ವರೂ ಲಾಕು ಹಿಡಿಯುವವರೇ ಎಂದು ಬರೆದಿದ್ದ. ಬದರಿನಾಥರು ನಂದಿ-ಭೃಂಗಿಯನ್ನು ಸರಿಯಾಗಿ ಬರೆದು, ಚಂಡ-ಪ್ರಚಂಡರನ್ನು ಅದಲುಬದಲು ಮಾಡಿದ್ದರು. ಹೆಸರಿಟ್ಟವರು ಅವರೇ.

ಅವರು ಚೀಟಿಯನ್ನು ಎತ್ತಿಕೊಂಡು, ಬೇರೆ ಯಾರದೋ ಬರಹವೇನೋ ಎಂಬಂತೆ, ಕಣ್ಣಿನ ಹತ್ತಿರ ಹಿಡಿದು ನೋಡಿದರು.

ಅಷ್ಟರಲ್ಲಿ ಸೀತಾಲಕ್ಷ್ಮಿ ಎದ್ದು ನಿಂತಳು. ಜಯನಗರದ ಹಳೇ ಮನೆತನದ ಹುಡುಗಿ. ಜೋರಾಗಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. "ಸಾರ್, ಹ್ಯಾಂಗ್ ಆಗ್ತಿರೋದು ನನ್ನಿಂದ. ನಾನು ಜಯನ್ನ ಕರೆದು ಲಾಕ್ ಹಿಡಿದು, ಆಮೇಲೆ ನಂದೀನ ಕರೆದಿದೀನಿ. ನಂದಿ ಲಾಕ್ ಹಿಡಿಯಲ್ಲ ಅಂದ್ಕೊಂಡಿದ್ದೆ." ಅಣ್ಣಮ್ಮನ ಕಡೆ ತಿರುಗಿದಳು. "ನಿಂಗೆ ಗೊತ್ತಿತ್ತು ಅಲ್ವಾ?"

"ಗೊತ್ತಿತ್ತು ಕಣೇ. ಕೂತ್ಕೋ."

"ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?" ಬದರಿನಾಥರ ದನಿ ಏರಿತು. "ಹೇಳಿದ್ರೆ ನಿನ್ನ ಮೇಲಿನ ಮಾತು ಅಲ್ಲಿಗೇ ಮುಗಿದು ಹೋಗ್ತಿತ್ತು."

"ನನ್ನ ಮೇಲಿಂದ ಇಳಿದು ಇವಳ ಮೇಲೆ ಕೂರ್ತಿತ್ತು ಸಾರ್. ನಾಳೆ ಆ ಹುಡುಗರ ಮೇಲೆ. ಮನುಷ್ಯರು ಒಬ್ಬೊಬ್ಬರಾಗಿ ಕೆಳಗಿಳಿತಾ ಇರ್ತೀವಿ, ಈ ದ್ವಾರಪಾಲಕರು ಮಾತ್ರ ಕಲ್ಲಿನ ಹಾಗೆ ಇಲ್ಲೇ ನಿಂತಿರ್ತಾರೆ. ಇಳಿಸೋದಾದ್ರೆ ಅವರನ್ನ ಇಳಿಸಿ."

ಶಾಮಣ್ಣನವರು ಬದರಿನಾಥರ ಕಡೆ ತಿರುಗಿದರು.

"ಸೀತಾದೊಂದು ಸಾಲು ತಿದ್ದಿದ್ರೆ ಬುಧವಾರಕ್ಕೆ ಯಂತ್ರ ಓಡತ್ತಾ ಬದ್ರಿ?"

"ಓಡತ್ತೆ. ಹೆಸರು ಬದಲಾಯಿಸೋಕೆ ಹೋದ್ರೆ ಎಲ್ಲಾ ಫೈಲಿಗೂ ಕೈ ಹಾಕ್ಬೇಕು. ಬುಧವಾರ ಕಳೀಲಿ, ಆಮೇಲೆ ನೋಡೋಣ."

ಕೇಳಲು ನ್ಯಾಯವೆನ್ನಿಸುವ ಮಾತು. ಆಮೇಲೆ ನೋಡೋಣ ಎಂಬ ಮಾತು ಕಾಲೊನಿಯವರು ಹುಟ್ಟಿನಿಂದ ಕೇಳುತ್ತಾ ಬಂದದ್ದು, ಯಾವಾಗಲೂ ನ್ಯಾಯವೆಂದೇ ಅನ್ನಿಸುತ್ತದೆ.

"ಇವತ್ತೇ ಮಾಡ್ತೀನಿ," ಎಂದಳು ಅಣ್ಣಮ್ಮ. "ನೀವು ಸೋಮವಾರ ನನ್ನ ಕೆಳಗೆ ಕಳಿಸೋದಾದ್ರೂ ಸರಿ, ಹೆಸರು ಬದಲಾಯಿಸಿಯೇ ಹೋಗ್ತೀನಿ. ನೀವೇ ಪಕ್ಕದಲ್ಲಿ ಕೂತು ಓದಿ ಸಾರ್. ಒಂದು ಸಾಲು ಕೆಟ್ಟರೂ ಹಳೇದನ್ನೇ ಹಾಕಿ."

ಶಾಮಣ್ಣನವರು ಬದರಿನಾಥರ ಮುಖ ನೋಡಿದರು. ಬದರಿನಾಥರು ತಮ್ಮ ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡು, ಕುರ್ಚಿ ಎಳೆದು ಟರ್ಮಿನಲ್ಲಿನ ಪಕ್ಕ ಹಾಕಿದರು.

ಕೆಲಸ ಶುರುವಾಯಿತು. ಜಯ ಹೋಗಿ 'ಹಿಡಿ' ಬಂದ. ವಿಜಯ ಹೋಗಿ 'ಬಿಡು' ಬಂದ. ನಂದಿ 'ಬರೆ' ಆದ, ಭೃಂಗಿ 'ಕೀ_ಬರೆ' ಆದ. ಪ್ರಚಂಡ 'ಓದು', ಚಂಡ 'ಕೀ_ಓದು'. ಸೀತಾಲಕ್ಷ್ಮಿ ಪ್ರಿಂಟೌಟಿನಲ್ಲಿ ಗುರುತು ಹಾಕುತ್ತಾ ಹೋದಳು, ಅಣ್ಣಮ್ಮ ಟೈಪು ಮಾಡುತ್ತಾ ಹೋದಳು, ಬದರಿನಾಥರು ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದುತ್ತಾ ಹೋದರು. ಮೊದಮೊದಲು ದನಿಯಲ್ಲಿ ಸಿಟ್ಟಿತ್ತು. ಆಮೇಲೆ ಬರೀ ಓದು ಉಳಿಯಿತು.

ಮಧ್ಯಾಹ್ನದ ಹೊತ್ತಿಗೆ ಅವರದೇ ಫೈಲು ಬಂತು. ಕರ್ನಲ್ ಶುರುವಾದಾಗ ಅವರು ಬರೆದ ಮೊಟ್ಟಮೊದಲ ಫೈಲು.

"ಕೀ_ಓದು," ಎಂದು ಓದಿ ಮುಂದೆ ಹೋಗಬೇಕಾದವರು ನಿಂತರು. ಹಿಂದಿನ ಸಾಲಿಗೆ ಬೆರಳು ಹೋಯಿತು. ಅದರ ಹಿಂದಿನ ಸಾಲಿಗೆ. ಪುಟ ತಿರುಗಿಸಿ ಮೇಲಿನವರೆಗೆ ಹೋಗಿ ಮತ್ತೆ ಕೆಳಗೆ ಬಂದರು.

"ಇಲ್ಲಿ... ಕೀ ಎಲ್ಲಿದೆ?" ಎಂದು ತಮ್ಮನ್ನೇ ಕೇಳಿಕೊಂಡರು.

ಲಾಕು ಹಿಡಿಯದೆಯೇ ಚಂಡನನ್ನು ಕರೆದಿದ್ದರು. ಚಂಡ ಎಂದು ಇದ್ದಷ್ಟು ದಿನ ಆ ಸಾಲನ್ನು ಅವರು ಎಷ್ಟು ಸಲ ಓದಿದ್ದರೋ! ಕಣ್ಣಿಗೆ ಬಿದ್ದಿರಲಿಲ್ಲ. ಅದು ಯಂತ್ರವನ್ನು ನಿಲ್ಲಿಸುವ ತಪ್ಪೂ ಅಲ್ಲ. ಯಾವತ್ತೋ ಒಂದು ದಿನ, ಎರಡು ಪ್ರೊಸೆಸರೂ ಒಟ್ಟಿಗೆ ಕೈ ಹಾಕಿದ ಗಳಿಗೆಯಲ್ಲಿ, ಗಿರಾಕಿಯ ಲೆಕ್ಕವನ್ನು ಸದ್ದಿಲ್ಲದೆ ಕೆಡಿಸುವ ತಪ್ಪು.

ಬದರಿನಾಥರು ಕನ್ನಡಕ ತೆಗೆದು ಪಂಚೆಯ ಅಂಚು ಹುಡುಕುವವರಂತೆ ಪ್ಯಾಂಟಿನ ಮೇಲೆ ಕೈಯಾಡಿಸಿ, ಕೊನೆಗೆ ಶರಟಿನ ತುದಿಯಲ್ಲೇ ಒರೆಸಿಕೊಂಡರು.

"ಈ ಸಾಲಿಗೆ ಕೆಂಪು ಪೆನ್ನು ಹಾಕು ಅಣ್ಣಮ್ಮ," ಎಂದರು. "ನೀನೇ ಹಾಕು."

ಅವಳು ಹಾಕಿದಳು. ಮೆಲ್ಲಗೆ ಹಾಕಲಿಲ್ಲ. ಕಾಗದ ಹರಿಯುವ ಹಾಗೆ ಗೀಟೆಳೆದಳು. ಇಬ್ಬರೂ ನಕ್ಕರು. ಸೋಮವಾರದ ಮಾತು ಆಮೇಲೆ ಯಾರ ಬಾಯಲ್ಲೂ ಬರಲಿಲ್ಲ.

ಬುಧವಾರ ಸಹಕಾರ ಸಂಸ್ಥೆಯವರು ಬಂದರು. ಬಿಳಿ ಶರಟು, ಜೇಬಿನಲ್ಲಿ ಎರಡು ಪೆನ್ನು. ಯಂತ್ರ ಓಡಿತು. ಅವರು ಕಾಫಿ ಕುಡಿದರು, ಓಡುತ್ತಲೇ ಇತ್ತು. ಊಟಕ್ಕೆ ಹೋಗಿ ಬಂದರು, ಓಡುತ್ತಲೇ ಇತ್ತು. ಅವರಲ್ಲಿ ಪ್ರೋಗ್ರಾಮು ಬಲ್ಲವನೊಬ್ಬ ಪ್ರಿಂಟೌಟು ತಿರುವುತ್ತಾ ಕೇಳಿದ:

"ಇದೇನು ಎಲ್ಲಾ ಕಡೆ ಕೀ, ಕೀ? ಯಾವ ದೇಶದ ಪದ್ಧತಿ ಇದು? ಬ್ರಿಟಿಷರದ್ದಾ?"

"ಅದು ನಮ್ಮ ಕಂಪನಿಯ..." ಎಂದು ಶಾಮಣ್ಣನವರು ಶುರು ಮಾಡಿದರು.

"ಅದನ್ನ ಅಣ್ಣಮ್ಮ ಹೇಳ್ಬೇಕು," ಎಂದರು ಬದರಿನಾಥರು. ಹೆಸರನ್ನು ಪೂರ್ತಿಯಾಗಿ, ಅಕ್ಷರ ನುಂಗದೆ ಹೇಳಿದರು.

ಅಣ್ಣಮ್ಮ ಎದ್ದಳು. "ಕತ್ರಿಗುಪ್ಪೆ ಕಾಲೊನಿ ಹೆಂಗಸರು ಮಾಡಿದ ರೂಲು ಸಾರ್ ಇದು. ನೀರಿಗೋಸ್ಕರ ಮಾಡಿದ್ದು. ಕೀ ಯಾರ ಕೈಲಿದೆಯೋ ಅದು ಅವರ ಹೆಸರಲ್ಲೇ ಕಾಣ್ಬೇಕು. ನಮ್ಮ ಕಡೆ ಹನ್ನೆರಡು ವರ್ಷದಿಂದ ಕೆಟ್ಟಿಲ್ಲ. ನಿಮ್ಮ ಯಂತ್ರದಲ್ಲೂ ಕೆಡಲ್ಲ."

ಬಂದವನ ಹುಬ್ಬು ಏರಿತು. ಯಾವ ಕಾಲೊನಿ, ಯಾವ ಹೆಂಗಸರು ಎಂದು ಕೇಳಬೇಕೆನಿಸಿತೇನೋ. ಅಣ್ಣಮ್ಮನ ಮುಖ ನೋಡಿ ಕೇಳಲಿಲ್ಲ. ಮತ್ತೆ ಪ್ರಿಂಟೌಟಿಗೆ ತಲೆ ಬಗ್ಗಿಸಿದ. ಸ್ವಲ್ಪ ಹೊತ್ತಿನ ಮೇಲೆ, "ಓದೋಕೆ ಸುಲಭ ಇದೆ," ಎಂದ. ಸಂಜೆ ಹೊರಡುವ ಮುನ್ನ ಸಂಸ್ಥೆಯವರು ಶಾಮಣ್ಣನವರ ಕೈ ಕುಲುಕಿ, ಯಂತ್ರ ಬೇಕು ಎಂದು ಒಪ್ಪಿಕೊಂಡು ಹೋದರು.

ಅಣ್ಣಮ್ಮ ಕಾಲೊನಿಗೆ ಬಂದಾಗ ಪಂಪ್ ರೂಮಿನ ಮುಂದೆ ಬಿಂದಿಗೆಗಳ ಸಾಲು ಬೆಳೆದಿತ್ತು. ಅವಳು ಅಲ್ಲೇ ಕಟ್ಟೆಯ ಮೇಲೆ ಕೂತು, ಸುದ್ದಿಯನ್ನು ಕೂಗಿ ಹೇಳಿದಳು. ಕೀ ಎಂಬ ರೂಲು ಈಗ ಕಂಪ್ಯೂಟರಿನ ಹೊಟ್ಟೆಯೊಳಗಿದೆ, ದ್ವಾರಪಾಲಕರೆಲ್ಲ ಹೊರಗಿದ್ದಾರೆ ಎಂದಳು. ಹೆಂಗಸರು ಹೋ ಎಂದರು.

"ನನ್ ಹೆಸ್ರು ಹಾಕಿದ್ದೀಯೇನೇ ಅದ್ರಾಗೆ?" ಎಂದಳು ಸೊಣ್ಣಮ್ಮ.

"ಇಲ್ಲ ಕಣಜ್ಜಿ."

"ಯಾಕಮ್ಮಿ? ಕೀ ಬೀಳ್ಸಿದ್ದು ನಾನು! ನಾನ್ ಬೀಳ್ಸದೆ ಇದ್ದಿದ್ರೆ ಯಾವ ರೂಲು ಬತ್ತಿತ್ತು?"

"ಅದೂ ದಿಟವೇಯ," ಎಂದಳು ಅಂಕಮ್ಮ, ಮತ್ತೆ ಎಲ್ಲರೂ ನಕ್ಕರು.

ಗೋವಿಂದಮ್ಮ ನಗಲಿಲ್ಲ. ಮಗಳ ಮುಂದೆ ಬಂದು ನಿಂತಳು. ಅವತ್ತಿನ ಸರದಿ ಅವಳದ್ದು. ಸೊಂಟದಿಂದ ಕೀ ತೆಗೆದಳು. ಬಡಾವಣೆಯ ವರಾಂಡದಿಂದ ಎಸೆದ, ಮಣ್ಣಿನಿಂದ ಆರಿಸಿದ, ಮತ್ತೆ ವಾಪಸ್ ಕೊಡದ ಅದೇ ಕೀ. ಹಿಡಿದು ಹಿಡಿದು ಹೊಳೆಯುತ್ತಿತ್ತು. ಮಗಳ ಬಲಗೈ ಎಳೆದು, ಅಂಗೈ ಬಿಡಿಸಿ, ಕೀಯನ್ನು ಅದರೊಳಗಿಟ್ಟು ಬೆರಳು ಮಡಿಸಿದಳು.

"ಓಗು, ಪಂಪ್ ಆಕು. ಎಷ್ಟೊತ್ತಿಂದ ಕಾಯ್ತಾವ್ರೆ."

ಸಾಲಿನ ಕೊನೆಯಿಂದ ಯಾರೋ ಕೂಗಿದರು: "ಕ್ವಾಡ ತುಂಬ್ಬೇಕು, ಬೇಗ ಬಾರಮ್ಮೀ, ಕೀ ಅಣ್ಣಮ್ಮ!"

"ಬಂದೇ," ಎಂದು ಅಣ್ಣಮ್ಮ ಎದ್ದು, ಬಾಗಿಲು ತೆಗೆದಳು.